ಹಿತ್ತಿಲ ಹಣ್ಣುಗಳ ಹೆಸರಿನ ಚರಿತ್ರೆ



ಗೊಬ್ಬರ, ಔಷಧಿ, ಕಾಫಿಯ ಚಿಗುರು ತೆಗೆಯುವುದು, ಭತ್ತದ ಬೆಂಕಿರೋಗ, ಇವುಗಳ ಮಾತು ನಮ್ಮಂಥವರ ಬಾಯಲ್ಲಿ ಯಾವತ್ತೂ ಇದ್ದದ್ದೇ. ಈ ದಿನ ಅದನ್ನೆಲ್ಲ ಬದಿಗಿಟ್ಟು ನಿಮ್ಮ ಮನೆಯ ಹಿತ್ತಿಲಿಗೆ ಹೋಗೋಣ. ಸಕಲೇಶಪುರ, ಆಲೂರು ಕಡೆಯ ಯಾವ ಮನೆಯ ಹಿಂದೆ ನೋಡಿದರೂ ನಾಲ್ಕು ಹಣ್ಣಿನ ಗಿಡ ಕಾಣುತ್ತವೆ. ಬಚ್ಚಲ ನೀರು ಹರಿಯುವಲ್ಲಿ ಒಂದು ಪರಂಗಿ, ಕೊಟ್ಟಿಗೆಯ ಮಗ್ಗುಲಲ್ಲಿ ಒಂದು ಸೀಬೆ, ಬಾವಿಯ ಹತ್ತಿರ ಚಕ್ಕೋತವೋ ಹೆರಳೆಯೋ, ತೋಟಕ್ಕೆ ಇಳಿಯುವ ದಾರಿಯಲ್ಲಿ ಹಲಸು, ಬೇಲಿಸಾಲಿನಲ್ಲಿ ಬೆಣ್ಣೆಹಣ್ಣು. ಈ ಹಣ್ಣುಗಳನ್ನು ತಿನ್ನುತ್ತೇವೆ, ಹಕ್ಕಿಗೆ ಬಿಡುತ್ತೇವೆ, ನೆಂಟರಿಗೆ ಕಟ್ಟಿಕೊಡುತ್ತೇವೆ. ಹೆಸರನ್ನು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ.

‘ಹೆಸರು ಕಟ್ಟಿಕೊಂಡು ಏನ್ರೀ ಆಗಬೇಕು, ಹಣ್ಣು ಸಿಹಿಯಾಗಿದ್ದರೆ ಸಾಕು’ ಎನ್ನುವಿರಾ? ಆಗಬೇಕಾದ್ದು ಉಂಟು. ದುಡ್ಡಿನ ವಿಷಯವೂ ಉಂಟು, ಒಂದು ಕಡೆ ಪ್ರಾಣದ ವಿಷಯವೂ ಉಂಟು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಕಥೆ ಕೇಳಿರಿ.

ಪರಂಗಿಯಿಂದಲೇ ಶುರು ಮಾಡೋಣ. ಯೂರೋಪಿನಲ್ಲಿ ಹಿಂದೆ ಫ್ರಾಂಕರೆಂಬ ಒಂದು ಜನ ಇದ್ದರು. ಅರಬರು ಆ ಹೆಸರನ್ನು ಹಿಡಿದು ಪಶ್ಚಿಮದ ಬಿಳಿಯರೆಲ್ಲರನ್ನೂ ಫರಂಜಿಗಳೆಂದು ಕರೆದರು. ಪಾರಸಿಯವರ ಬಾಯಲ್ಲಿ ಅದು ಫರಂಗಿಯಾಯಿತು. ನಮ್ಮ ಬಾಯಿಗೆ ಬರುವ ಹೊತ್ತಿಗೆ ಪರಂಗಿ. ೧೪೯೮ರಲ್ಲಿ ಪೋರ್ತುಗೀಸರ ಹಡಗು ಕಲ್ಲಿಕೋಟೆಗೆ ಬಂತು, ೧೫೧೦ರಲ್ಲಿ ಅವರು ಗೋವೆಯನ್ನು ಹಿಡಿದರು. ಅವರಿಗೆ ಈ ಕಡೆ ಗೋವೆ ಇದ್ದಂತೆ ಆ ಕಡೆ ಅಮೆರಿಕ ಖಂಡದಲ್ಲಿ ಬ್ರೆಜಿಲ್ ದೇಶವೂ ಕೈಯಲ್ಲಿತ್ತು. ಅಲ್ಲಿಯ ಗಿಡ ಇಲ್ಲಿಗೆ, ಇಲ್ಲಿಯ ಗಿಡ ಅಲ್ಲಿಗೆ ಹಡಗಿನಲ್ಲಿ ಹೋಗಿಬಂದು ಮಾಡಿದವು. ನಾವು ಅಜ್ಜನ ಕಾಲದ್ದೆಂದು ತಿಳಿದಿರುವ ಪರಂಗಿ, ಸೀಬೆ, ಅನಾನಸು, ಗೇರು, ಸೀತಾಫಲ, ಅಷ್ಟೇಕೆ, ದಿನಾ ಸಾರಿಗೆ ಹಾಕುವ ಮೆಣಸಿನಕಾಯಿ ಕೂಡ ಹೀಗೆ ಸಮುದ್ರ ದಾಟಿ ಬಂದವುಗಳೇ.

ಹೊಸ ಗಿಡ ಬಂದರೆ ಹಳ್ಳಿಯವರು ಏನು ಮಾಡಬೇಕು? ಹೆಸರಿಡಬೇಕು. ಮೈಸೂರು ಸೀಮೆಯವರು ತಂದವನ ಹೆಸರನ್ನೇ ಹಣ್ಣಿಗಿಟ್ಟರು: ಪರಂಗಿಯವನು ತಂದದ್ದು, ಪರಂಗಿ ಹಣ್ಣು. ಕರಾವಳಿಯವರು ಹಾಗೆ ಮಾಡಲಿಲ್ಲ. ಕೆರಿಬಿಯನ್ ದ್ವೀಪಗಳ ಜನರು ಕರೆಯುತ್ತಿದ್ದ ಹೆಸರನ್ನು ಹಡಗಿನವರು ಕಲಿತಿದ್ದರು. ಅದನ್ನೇ ಕೇಳಿಕೊಂಡು ಪಪ್ಪಾಯಿ ಎಂದರು. ಬಪ್ಪಂಗಾಯಿ ಎನ್ನುವವರೂ ಉಂಟು. ಬಂದರಿನವರು ಹೆಸರನ್ನು ನೇರವಾಗಿ ಕೇಳಿದರು, ಘಟ್ಟದ ಮೇಲಿನವರಿಗೆ ಹಣ್ಣು ಮಾತ್ರ ಬಂತು, ಹೆಸರು ಘಟ್ಟ ಹತ್ತಲಿಲ್ಲ ಎಂದು ನನ್ನ ಊಹೆ.

ಇದರಲ್ಲಿ ಒಂದು ತಮಾಷೆ ಉಂಟು. ಕೇರಳದವರು ಪರಂಗಿ ಎಂಬ ಮಾತನ್ನು ಗೇರಿಗೆ ಅಂಟಿಸಿದರು. ಅಲ್ಲಿ ಪರಂಗಿಮಾವು ಎಂದರೆ ಗೇರುಮರ. ತಮಿಳರು ಸಿಹಿಗುಂಬಳಕ್ಕೆ ಅಂಟಿಸಿದರು. ನಮ್ಮ ಹುಡುಗನೊಬ್ಬ ತಮಿಳುನಾಡಿನ ತರಕಾರಿ ಅಂಗಡಿಯಲ್ಲಿ ಪರಂಗಿಕಾಯಿ ಕೊಡಿ ಎಂದರೆ ಸಾಂಬಾರಿನ ಕುಂಬಳದ ಹೋಳು ಕೈಗೆ ಬರುತ್ತದೆ. ಮೂರು ನಾಡಿನವರು ಮೂರು ಗಿಡ ನೋಡಿ ಒಂದೇ ಮಾತು ಹೇಳಿದರು: ಇದು ನಮ್ಮದಲ್ಲ, ಹೊರಗಿನಿಂದ ಬಂದದ್ದು.

‘ಸೀಮೆ’ ಎಂಬ ಮಾತೂ ಹೀಗೆಯೇ. ಸೀಮೆ ಎಂದರೆ ಎಲ್ಲೆ, ನಾಡು. ದೂರದ ಸೀಮೆಯಿಂದ ಬಂದದ್ದೆಲ್ಲ ನಮಗೆ ಸೀಮೆಯದು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಹಿತ್ತಿಲ ಚಪ್ಪರದ ಸೀಮೆಬದನೆ ಬೆಂಗಳೂರಿನ ಕಡೆ ಹರಡಿದ್ದು ಲಾಲ್‌ಬಾಗಿನಿಂದ. ೧೮೭೪ರಿಂದ ೧೯೦೮ರವರೆಗೆ ಅಲ್ಲಿ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರನ್ ಅವರು ತರಿಸಿದ್ದೆಂದು ಹೇಳುತ್ತಾರೆ. ಮಕ್ಕಳು ಕಲ್ಲು ಹೊಡೆದು ಬೀಳಿಸುವ ಸೀಮೆಹುಣಸೆಯ ಊರು ಮೆಕ್ಸಿಕೊ. ಅದನ್ನು ಸ್ಪೇನಿನವರು ಫಿಲಿಪೈನ್ಸಿನ ಮನಿಲ ಪಟ್ಟಣಕ್ಕೆ ಒಯ್ದರು. ಇಂಗ್ಲಿಷರು ಮನಿಲದ ಹುಣಸೆ ಎಂದರು. ದೂರದಿಂದ ಬಂದ ಗಿಡ ದಾರಿಯಲ್ಲಿ ಯಾವ ಊರಿನಲ್ಲಿ ತಂಗುತ್ತದೆಯೋ ಆ ಊರಿನ ಹೆಸರು ಅಂಟಿಸಿಕೊಳ್ಳುವುದು ಸಾಮಾನ್ಯ. ಮೂಸಂಬಿಯನ್ನೇ ನೋಡಿರಿ. ಅದು ಆಫ್ರಿಕದ ಮೊಜಾಂಬಿಕ್ ಎಂಬ ಊರಿನ ಹೆಸರು, ನಮ್ಮವರ ನಾಲಗೆಗೆ ಸಿಕ್ಕಿ ಮೂಸಂಬಿಯಾಯಿತು. ಚಕ್ಕೋತಕ್ಕೆ ಬಂಗಾಳದವರು ಬತಾವಿ ನಿಂಬೆ ಎನ್ನುತ್ತಾರೆ. ಜಾವಾ ದ್ವೀಪದ ಬತಾವಿಯ, ಎಂದರೆ ಇಂದಿನ ಜಕಾರ್ತ, ಅದರ ತಂಗುದಾಣ. ನಮ್ಮ ಚಕ್ಕೋತ ಎಂಬ ಮಾತು ಉತ್ತರದ ಚಕೋತ್ರಾ ಎಂಬುದರ ತಮ್ಮ. ಅಂದ ಹಾಗೆ, ಬೀಜದ ಅಂಗಡಿಯಲ್ಲಿ ಬರೀ ಚಕ್ಕೋತ ಎಂದು ಕೇಳಬೇಡಿರಿ. ಚಕ್ಕೋತ ಸೊಪ್ಪು ಎಂಬುದು ಬೇರೆಯೇ ಉಂಟು, ಮರಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಎಲ್ಲ ಹೊಸಬರನ್ನೂ ನಮ್ಮವರು ಪರಕೀಯರೆಂದು ಕರೆಯಲಿಲ್ಲ. ಸೀತಾಫಲ, ರಾಮಫಲ ಎಂಬ ಹೆಸರು ಕೇಳಿದರೆ ವನವಾಸದ ಕಾಲದಿಂದ ಇದ್ದ ಗಿಡಗಳೆಂದೇ ತೋರುತ್ತದೆ. ಎರಡರ ತವರೂ ಅಮೆರಿಕ. ಈಚೆಗೆ ಪೇಟೆಗೆ ಬಂದ ಅದೇ ಕುಲದ ಮುಳ್ಳುಕಾಯಿಗೆ ವ್ಯಾಪಾರದವರು ಲಕ್ಷ್ಮಣಫಲ ಎಂದರು, ಇನ್ನು ಕೆಲವರು ಹನುಮಫಲ ಎಂದರು. ಪಟ್ಟಾಭಿಷೇಕಕ್ಕೆ ಬೇಕಾದವರೆಲ್ಲ ಸೇರಿದಂತಾಯಿತು.

ಈಗ ಸೀಬೆಯ ವಿಷಯ. ಹಾಸನ, ಮೈಸೂರು ಕಡೆ ಸೀಬೆ, ಚೇಪೆ. ಘಟ್ಟ ಇಳಿದರೆ ಪೇರಳೆ. ಉತ್ತರದ ಧಾರವಾಡದ ಕಡೆಯೂ ಪೇರಲ. ನಮ್ಮ ಸಕಲೇಶಪುರ ನಡುವೆ ಕುಳಿತಿದೆ. ಒಂದು ಬದಿಗೆ ಆಲೂರು, ಹಾಸನದ ಬಯಲು. ಇನ್ನೊಂದು ಬದಿಗೆ ಶಿರಾಡಿ ಘಾಟಿ, ಬಿಸಿಲೆ ಘಾಟಿ, ಅದರ ಕೆಳಗೆ ತುಳುನಾಡು. ಆದಕಾರಣ ಒಂದೇ ಮನೆಯಲ್ಲಿ ಅತ್ತೆ ಸೀಬೆ ಎಂದರೆ ಘಟ್ಟದ ಕೆಳಗಿನಿಂದ ಬಂದ ಸೊಸೆ ಪೇರಳೆ ಎನ್ನುವುದನ್ನು ನಾನೇ ಎಷ್ಟೋ ಕಡೆ ಕೇಳಿದ್ದೇನೆ. ಮಕ್ಕಳಿಗೆ ಎರಡೂ ಬರುತ್ತದೆ.

ಪೇರಳೆ ಎಂಬುದು ಎಲ್ಲಿಂದ ಬಂತು? ಪೆರು ಎಂಬ ದೇಶದಿಂದ ಎಂದು ಕೆಲವರು ಹೇಳುತ್ತಾರೆ. ಪೋರ್ತುಗೀಸರ ಭಾಷೆಯಲ್ಲಿ ಮರಸೇಬಿಗೆ ಪೇರ ಎಂದು ಹೆಸರು; ಸೀಬೆಯ ಆಕಾರ ಅದನ್ನೇ ಹೋಲುತ್ತದೆ, ಅದರಿಂದ ಬಂತೆಂದು ಇನ್ನು ಕೆಲವರು. ನನಗೆ ಎರಡನೆಯದೇ ಸರಿಯೆಂದು ತೋರುತ್ತದೆ, ಏಕೆಂದರೆ ಮಹಾರಾಷ್ಟ್ರದ ಪೇರು, ಬಂಗಾಳದ ಪೇಯಾರಾ, ಕೇರಳದ ಪೇರಯ್ಕ ಎಲ್ಲವೂ ಪೋರ್ತುಗೀಸರು ವ್ಯಾಪಾರ ಮಾಡಿದ ಕರಾವಳಿಗಳಲ್ಲೇ ಹುಟ್ಟಿದವು. ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ ಎಂಬಾತ ‘ಹೋರ್ತುಸ್ ಮಲಬಾರಿಕುಸ್’ ಎಂಬ ೧೨ ಸಂಪುಟಗಳ ಗಿಡಮರಗಳ ಪುಸ್ತಕವನ್ನು ಮಾಡಿಸಿದ. ೧೬೭೮ರಿಂದ ೧೬೯೩ರವರೆಗೆ ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಈ ಹಣ್ಣಿನ ಹೆಸರು ‘ಪೇಲ’ ಎಂದೇ ಇದೆ. ಎಂದರೆ ೩೦೦ ವರ್ಷಗಳಿಗೂ ಹಿಂದೆಯೇ ಈ ಹೆಸರು ನೆಲೆಯೂರಿತ್ತು. ಆ ಪುಸ್ತಕಕ್ಕೆ ಗಿಡಗಳ ಹೆಸರು ಹೇಳಿಕೊಟ್ಟವರು ಯಾರು ಗೊತ್ತೆ? ಇಟ್ಟಿ ಅಚ್ಯುತನ್ ಎಂಬ ಮಲಯಾಳದ ನಾಟಿವೈದ್ಯರು, ಜೊತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರು. ಮುಂದೆ ಇಡೀ ಲೋಕದ ಗಿಡಗಳಿಗೆ ಶಾಸ್ತ್ರದ ಹೆಸರಿಟ್ಟ ಲಿನ್ನೇಯಸ್ ಪಂಡಿತ ನಮ್ಮ ಕಡೆಯ ಗಿಡಗಳ ವಿಷಯಕ್ಕೆ ಈ ಪುಸ್ತಕವನ್ನೇ ನಂಬಿದ. ಹಳ್ಳಿಯ ನಾಟಿವೈದ್ಯನ ಬಾಯಿಮಾತು ಎಲ್ಲಿಗೆ ಹೋಗಿ ಮುಟ್ಟಿತು ನೋಡಿರಿ.

ಬರುವ ಹೆಸರುಗಳಾದವು. ಹೋದ ಹೆಸರುಗಳೂ ಉಂಟು, ಅವು ಇನ್ನೂ ಸೊಗಸು. ಮಲಯಾಳದ ಚಕ್ಕ ಎಂಬ ಮಾತನ್ನು ಪೋರ್ತುಗೀಸರು ಜಾಕ ಮಾಡಿದರು, ಇಂಗ್ಲಿಷರು ಜ್ಯಾಕ್ ಮಾಡಿದರು. ಇಂಗ್ಲಿಷ್ ಪುಸ್ತಕದ ಜ್ಯಾಕ್‌ಫ್ರೂಟ್ ನಮ್ಮ ಪಕ್ಕದ ನಾಡಿನ ಮಾತೇ ಹೊರತು ಜ್ಯಾಕ್ ಎಂಬ ದೊರೆಯ ಹೆಸರಲ್ಲ. ಮ್ಯಾಂಗೋ ಎಂಬುದು ಮಲಯಾಳ ತಮಿಳುಗಳ ಮಾಂಗ, ಮಾಂಗಾಯ್. ನಮ್ಮ ಮಾವಿನಕಾಯಿಗೆ ಒಡಹುಟ್ಟಿದ್ದು. ಅಡಿಕೆಗೆ ಅವರು ಅರೆಕ ಎನ್ನುವುದೂ ನಮ್ಮ ದಕ್ಷಿಣದ ಭಾಷೆಗಳಿಂದ ಕಲಿತೇ.

ಕಿತ್ತಳೆಯ ಕಥೆ ಬಹಳ ದೂರ ತಿರುಗಿದ್ದು. ಸಂಸ್ಕೃತದ ನಾರಂಗ ಪಾರಸಿಗೆ ಹೋಗಿ ನಾರಂಗ್, ಅರಬ್ಬಿಗೆ ಹೋಗಿ ನಾರಂಜ್, ಸ್ಪೇನಿಗೆ ಹೋಗಿ ನರಾಂಹ, ಕೊನೆಗೆ ಇಂಗ್ಲೆಂಡಿನಲ್ಲಿ ಆರೆಂಜ್. ನಮ್ಮ ಮಕ್ಕಳು ಶಾಲೆಯಲ್ಲಿ ಕಷ್ಟಪಟ್ಟು ಬಾಯಿಪಾಠ ಮಾಡುವ ಮಾತು ಇಲ್ಲಿಂದಲೇ ಹೊರಟದ್ದು. ಇನ್ನೊಂದು ಕೇಳಿರಿ. ಕಾಫಿ ತೋಟಗಳಲ್ಲಿ ನಾವು ಬೆಳೆದ, ಸಿಪ್ಪೆ ಸಡಿಲವಾಗಿರುವ ಕೊಡಗಿನ ಕಿತ್ತಳೆಯನ್ನು ಪುಸ್ತಕಗಳಲ್ಲಿ ಮ್ಯಾಂಡರಿನ್ ಎಂದು ಬರೆಯುತ್ತಾರೆ. ಚೀನಾ ದೇಶದ ದೊಡ್ಡ ಅಧಿಕಾರಿಗಳಿಗೆ ಪೋರ್ತುಗೀಸರು ಇಟ್ಟ ಹೆಸರು ಅದು. ಅವರು ಅದನ್ನು ಮಲಯ ದೇಶದವರಿಂದ ಕಲಿತರು, ಮಲಯದವರು ನಮ್ಮಿಂದ. ಮೂಲಕ್ಕೆ ಹೋದರೆ ಅದು ‘ಮಂತ್ರಿ’. ಹಣ್ಣು ನಮ್ಮ ಗುಡ್ಡದಲ್ಲಿ, ಮಾತು ನಮ್ಮ ಸಂಸ್ಕೃತದ್ದು, ಆದರೂ ಎರಡೂ ಚೀನಾ ಸುತ್ತಿಕೊಂಡು ಬಂದವು! ಆ ಕಿತ್ತಳೆಯೇ ಈಗ ತೋಟಗಳಲ್ಲಿ ಅಪರೂಪವಾಗಿದೆ. ಹಸಿರುಕಟ್ಟು ರೋಗ, ನಂಜುರೋಗ, ಬೇರುಕೊಳೆ, ಇವೆಲ್ಲ ಸೇರಿ ಹಳೆಯ ಮರಗಳನ್ನು ತಿಂದುಹಾಕಿದವು. ಕೊಡಗಿನ ಕಿತ್ತಳೆಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಹೆಸರು ಕಾಗದದ ಮೇಲೆ ಭದ್ರವಾಗಿದೆ, ಗಿಡ ನೆಲದ ಮೇಲೆ ಭದ್ರವಾಗಬೇಕಾದ ಕೆಲಸ ಬಾಕಿ ಉಂಟು.

ಇನ್ನು ನಮ್ಮ ಗುಡ್ಡಗಳಿಗೆ ಬಂದ ದೊರೆಗಳ ವಿಷಯ. ಹಿಂದೆ ಈ ತಾಲ್ಲೂಕಿಗೇ ಮಂಜರಾಬಾದ್ ಎಂದು ಹೆಸರಿತ್ತು. ಟಿಪ್ಪು ಸುಲ್ತಾನ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಗೆ ಆ ಹೆಸರು ಇನ್ನೂ ನಿಂತಿದೆ. ೧೮೪೩ರಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಇಂಗ್ಲಿಷನು ಮಂಜರಾಬಾದಿನ ಹತ್ತಿರ ಕಾಫಿ ಹಾಕಿದ. ಆಮೇಲೆ ರಾಬರ್ಟ್ ಎಲಿಯಟ್ ಬಂದ; ಇಲ್ಲಿಯ ತೋಟದ ಬಾಳನ್ನು ಕುರಿತು ೧೮೭೧ರಲ್ಲಿ ಒಂದು, ೧೮೯೪ರಲ್ಲಿ ಒಂದು ಪುಸ್ತಕ ಬರೆದ. ಹೀಗೆ ಬಂದವರು ತಮ್ಮ ಊರಿನ ಹಣ್ಣುಗಳ ಹೆಸರನ್ನೂ ಪೆಟ್ಟಿಗೆಯಲ್ಲಿ ತಂದಿದ್ದರು.

ಅವರ ದೇಶದಲ್ಲಿ ಹಿತ್ತಿಲುಗಳಲ್ಲಿ ಬೆಳೆಯುವ ಒಂದು ಮುಳ್ಳುಪೊದೆ ಉಂಟು, ಗೂಸ್‌ಬೆರಿ ಎಂದು ಹೆಸರು. ಹಸಿರು ಗೋಲಿಯಂಥ ಹುಳಿಹಣ್ಣು. ಪುಸ್ತಕದಲ್ಲಿ ಗೂಸ್‌ಬೆರಿಯಾದರೂ ಹಳ್ಳಿಯವರ ಬಾಯಲ್ಲಿ ಅದು ಗೂಸ್‌ಗಾಗ್, ಕೆಲವು ಸೀಮೆಗಳಲ್ಲಿ ಫೇಬೆರಿ, ಸ್ಕಾಟ್ಲೆಂಡಿನವರಿಗೆ ಗ್ರೋಸೆಟ್. ನಮ್ಮಲ್ಲಿ ಸೀಬೆ, ಚೇಪೆ, ಪೇರಳೆ ಇರುವ ಹಾಗೆಯೇ. ಅವರ ಪಂಡಿತರು ಈ ಹಳ್ಳಿಹೆಸರುಗಳನ್ನು ಊರೂರು ತಿರುಗಿ ಕೂಡಿಹಾಕಿ ದೊಡ್ಡ ನಿಘಂಟುಗಳನ್ನೇ ಮಾಡಿದ್ದಾರೆ. ಆ ಜನ ಇಲ್ಲಿಗೆ ಬಂದು ನಮ್ಮ ಬೆಟ್ಟದ ನೆಲ್ಲಿಕಾಯಿ ನೋಡಿದರು. ಹಸಿರು, ಗೋಲಿಯಂತಿದೆ, ಹುಳಿ; ಸರಿ, ಇಂಡಿಯನ್ ಗೂಸ್‌ಬೆರಿ! ಎರಡು ಗಿಡಗಳಿಗೂ ದಾಯಾದಿ ಸಂಬಂಧವೂ ಇಲ್ಲ. ಅರೆನೆಲ್ಲಿಯೂ ಅವರಿಗೆ ಇನ್ನೊಂದು ಗೂಸ್‌ಬೆರಿ. ಕಾಗದದ ಬುಡ್ಡಿಯಂಥ ಹೊದಿಕೆಯೊಳಗೆ ಹಳದಿ ಹಣ್ಣು ಬಿಡುವ ಬುಡ್ಡೆಹಣ್ಣಿನ ಜಾತಿಯದೂ ಗೂಸ್‌ಬೆರಿಯೇ. ಅದು ದಕ್ಷಿಣ ಅಮೆರಿಕದ್ದು, ಆಫ್ರಿಕದ ಕೇಪ್ ಎಂಬ ತುದಿಯಲ್ಲಿ ಬೆಳೆಸಿದ್ದರಿಂದ ಕೇಪ್ ಗೂಸ್‌ಬೆರಿ. ಮನೆಯ ನೆನಪು ಕಾಡಿದರೆ ಕಂಡದ್ದರಲ್ಲೆಲ್ಲ ಮನೆಯದೇ ಕಾಣುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಈಗ ಔಷಧಿ ಅಂಗಡಿಯ ಡಬ್ಬಿಯ ಮೇಲೆ ಇಂಡಿಯನ್ ಗೂಸ್‌ಬೆರಿ ಎಂದು ಓದಿ, ಯಾವುದೋ ಸೀಮೆಯ ಹಣ್ಣೆಂದು ದುಡ್ಡು ತೆರುವವರನ್ನು ನೋಡಿದರೆ ನಗು ಬರುತ್ತದೆ. ಅದು ನಿಮ್ಮ ಗುಡ್ಡದ ನೆಲ್ಲಿಯೇ ಮಾರಾಯರೆ.

ಬೆಣ್ಣೆಹಣ್ಣಿನದು ಇದಕ್ಕೆ ವಿರುದ್ಧ. ಮೆಕ್ಸಿಕೊದ ಮೂಲಜನರು ಅದನ್ನು ಅಹುವಾಕತ್ಲ್ ಎಂದರು. ಸ್ಪೇನಿನವರು ಅದನ್ನು ಮೆತ್ತಗೆ ಮಾಡಿಕೊಂಡರು. ಇಂಗ್ಲಿಷರ ಕೈಗೆ ಬಂದು ಆವಕಾಡೊ ಆಯಿತು. ಅವರ ಸಾಮಾನ್ಯ ಜನರು ಇನ್ನೂ ತಿರುಚಿ ಆಲಿಗೇಟರ್ ಪೇರ್, ಎಂದರೆ ಮೊಸಳೆ ಪೇರುಹಣ್ಣು, ಎಂದೂ ಕರೆದರು. ನಮ್ಮ ದೇಶಕ್ಕೆ ೨೦ನೇ ಶತಮಾನದ ಆರಂಭದಲ್ಲಿ ಸಿಂಹಳದ ಕಡೆಯಿಂದ ಬಂತು. ಇಲ್ಲಿ ತೋಟದ ದೊರೆಗಳು ಬಟರ್ ಫ್ರೂಟ್ ಎಂದರು, ನಮ್ಮವರು ಅದನ್ನೇ ಕನ್ನಡ ಮಾಡಿ ಬೆಣ್ಣೆಹಣ್ಣು ಎಂದರು. ಒಳ್ಳೆಯ ಹೆಸರು, ತಿಂದವನಿಗೆ ಮತ್ತೆ ವಿವರಿಸಬೇಕಾಗಿಲ್ಲ. ಆದರೆ ಪೇಟೆಯಲ್ಲಿ ಆವಕಾಡೊ ಎಂಬ ಚೀಟಿ ಅಂಟಿಸಿದ ಹಣ್ಣಿಗೆ ಒಂದು ಬೆಲೆ, ತೋಟದ ಬಾಗಿಲಿಗೆ ಜೀಪು ತಂದವನು ಬೆಣ್ಣೆಹಣ್ಣಿಗೆ ಕೊಡುವುದು ಇನ್ನೊಂದು ಬೆಲೆ. ಎರಡೂ ಒಂದೇ ಹಣ್ಣೆಂದು ತಿಳಿಯದೆ ಎಷ್ಟೋ ಮನೆಗಳಲ್ಲಿ ಕೋತಿಗೂ ಹಂದಿಗೂ ಬಿಟ್ಟಿದ್ದುಂಟು. ಆದ್ದರಿಂದ ಬೆಲೆ ವಿಚಾರಿಸುವಾಗ ಎರಡು ಹೆಸರಿನಲ್ಲೂ ವಿಚಾರಿಸಿರಿ. ಹೊಸದಾಗಿ ಹಾಕುವವರು ಕೊಡಗಿನ ಚೆಟ್ಟಳ್ಳಿಯ ಕೇಂದ್ರದ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಎಂಬ ತಳಿಗಳ ಹೆಸರು ಹೇಳಿ ಕಸಿಗಿಡವನ್ನೇ ಕೇಳಿರಿ; ‘ಬಟರ್ ಗಿಡ ಕೊಡಿ’ ಎಂದರೆ ಯಾವುದೋ ಬೀಜದ ಸಸಿ ಕೈಗೆ ಬರುತ್ತದೆ.

ಬಳ್ಳಿಯ ಶರಬತ್ ಹಣ್ಣನ್ನು ಈಗಿ‌ನ ಹುಡುಗರು ಫ್ಯಾಶನ್ ಫ್ರೂಟ್ ಅಂತಾರೆ. ಅದು ಫ್ಯಾಶನ್ ಅಲ್ಲ, ಪ್ಯಾಶನ್. ಕ್ರೈಸ್ತ ಪಾದ್ರಿಗಳಿಗೆ ಆ ಹೂವಿನ ಎಸಳು, ಕೇಸರಗಳಲ್ಲಿ ಯೇಸುವಿನ ಶಿಲುಬೆಯ ಯಾತನೆಯ ಗುರುತುಗಳು ಕಂಡವಂತೆ, ಅದಕ್ಕೆ ಆ ಹೆಸರು. ನನಗಂತೂ ಶರಬತ್ ಹಣ್ಣೇ ಸಾಕು. ಪನ್ನೇರಳೆಯೂ ಹಾಗೆಯೇ: ಕಚ್ಚಿದರೆ ಪನ್ನೀರಿನ ವಾಸನೆ, ನೋಡಿದರೆ ನೇರಳೆಯ ಜಾತಿ, ಇದಕ್ಕಿಂತ ಚೆನ್ನಾಗಿ ಯಾವ ಪಂಡಿತ ಹೆಸರಿಟ್ಟಾನು?

ಈಗ ಪ್ರಾಣದ ವಿಷಯ ಎಂದೆನಲ್ಲ, ಅದು. ಇದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿರಿ.

ಬಾವಿಕಟ್ಟೆಯ ಹತ್ತಿರ, ಅಡ್ಡ ಕೊಯ್ದರೆ ಐದು ಮೂಲೆಯ ನಕ್ಷತ್ರದಂತೆ ಕಾಣುವ ಹುಳಿಹಣ್ಣು ಕೆಲವರ ಮನೆಯಲ್ಲಿ ಉಂಟು. ನಮ್ಮ ಕಡೆ ಧಾರೆಹುಳಿ, ಬಯಲುಸೀಮೆಯಲ್ಲಿ ಕಮರಾಕ್ಷಿ, ಕೊಂಕಣಿಗರು ಕರಂಬಲ ಎನ್ನುತ್ತಾರೆ. ಸಂಸ್ಕೃತದಲ್ಲಿ ಕರ್ಮರಂಗ. ಗೋವೆಯಲ್ಲಿದ್ದ ಗಾರ್ಸಿಯ ದ ಓರ್ತ ಎಂಬ ಪೋರ್ತುಗೀಸ್ ವೈದ್ಯನು ೧೫೬೩ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಇದನ್ನು ಕರಂಬೋಲ ಎಂದು ಬರೆದ. ಅದೇ ಇಂದು ಲೋಕಕ್ಕೆಲ್ಲ ಹೆಸರು. ಈಗಿನ ವೈದ್ಯರು, ಅಂಗಡಿಯವರು ಸ್ಟಾರ್ ಫ್ರೂಟ್ ಎನ್ನುತ್ತಾರೆ.

ಆರೋಗ್ಯವಂತರು ಉಪ್ಪು ಖಾರ ಹಚ್ಚಿ ಒಂದೆರಡು ಹೋಳು ತಿಂದರೆ ಏನೂ ಆಗದು. ಮೂತ್ರಪಿಂಡ ಕೆಟ್ಟವರಿಗೆ, ಅಂದರೆ ಕಿಡ್ನಿ ಕಾಯಿಲೆಯವರಿಗೆ, ರಕ್ತಶುದ್ಧಿಗೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಇದು ವಿಷ. ಈ ಹಣ್ಣಿನಲ್ಲಿರುವ ನಂಜನ್ನು ಒಳ್ಳೆಯ ಮೂತ್ರಪಿಂಡ ಹೊರಗೆ ಹಾಕುತ್ತದೆ. ಕೆಟ್ಟದ್ದು ಹಾಕಲಾರದು, ನಂಜು ಮೆದುಳಿಗೆ ಏರುತ್ತದೆ. ಮೊದಲು ನಿಲ್ಲದ ಬಿಕ್ಕಳಿಕೆ, ವಾಂತಿ, ಆಮೇಲೆ ಮಂಕು, ಫಿಟ್ಸು. ಸಾವು ಬಂದ ಪ್ರಸಂಗಗಳು ಬೇರೆ ಬೇರೆ ದೇಶಗಳ ವೈದ್ಯರ ದಾಖಲೆಯಲ್ಲಿ ಉಂಟು. ಪೇಟೆಯ ಆಸ್ಪತ್ರೆಯಲ್ಲಿ ವೈದ್ಯರು ‘ಸ್ಟಾರ್ ಫ್ರೂಟ್ ಮುಟ್ಟಬೇಡಿ’ ಎಂದು ಹೇಳಿ ಕಳುಹಿಸಿರುತ್ತಾರೆ. ಮನೆಗೆ ಬಂದ ಅಜ್ಜ ತಲೆದೂಗುತ್ತಾನೆ, ಅಂಥ ಪೇಟೆಹಣ್ಣನ್ನು ತಾನೇಕೆ ತಿಂದೇನು ಎಂದುಕೊಳ್ಳುತ್ತಾನೆ. ನಾಲಗೆ ಕೆಟ್ಟಿದೆಯೆಂದು ಸೊಸೆ ಪ್ರೀತಿಯಿಂದ ಧಾರೆಹುಳಿಯ ಗೊಜ್ಜು ಮಾಡಿ ಬಡಿಸುತ್ತಾಳೆ! ವೈದ್ಯರಿಗೆ ಧಾರೆಹುಳಿ ಎಂಬ ಮಾತು ಗೊತ್ತಿಲ್ಲ, ಮನೆಯವರಿಗೆ ಸ್ಟಾರ್ ಫ್ರೂಟ್ ಗೊತ್ತಿಲ್ಲ. ನಡುವೆ ಇರುವವನು ರೋಗಿ. ಇಂಥ ಕಾಯಿಲೆಯವರು ಮನೆಯಲ್ಲಿದ್ದರೆ ಈ ನಾಲ್ಕು ಹೆಸರನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ: ಧಾರೆಹುಳಿ, ಕಮರಾಕ್ಷಿ, ಕರಂಬಲ, ಸ್ಟಾರ್ ಫ್ರೂಟ್. ಇದೇ ಕುಲದ ಬಿಂಬುಳಿಯನ್ನೂ ಅವರಿಗೆ ಬಡಿಸಬೇಡಿರಿ. ಬೇರೆ ಯಾವ ಹಣ್ಣೇ ಆಗಲಿ, ವೈದ್ಯರು ಬೇಡವೆಂದರೆ, ‘ಸ್ವಾಮಿ, ಇದಕ್ಕೆ ಹಳ್ಳಿಯಲ್ಲಿ ಏನಂತಾರೆ? ಚಿತ್ರ ಇದ್ದರೆ ತೋರಿಸಿ’ ಎಂದು ಕೇಳುವುದಕ್ಕೆ ನಾಚಿಕೆ ಬೇಡ.

ಇನ್ನು ಹಲಸು. ಇದರಲ್ಲಿ ಹೇಳತಕ್ಕದ್ದು ಬಹಳ.

ಗಟ್ಟಿ ತೊಳೆಯದು ಬಕ್ಕೆ, ಮೆತ್ತನೆ ಜಾರುವುದು ಅಂಬಲಿ. ಘಟ್ಟದ ಕೆಳಗೆ ಬರ್ಕೆ, ತುಳುವ ಎನ್ನುತ್ತಾರೆ. ಕಾಡಿನದು ಹೆಬ್ಬಲಸು. ಘಟ್ಟದ ಕೆಳಗಿನವರ ಜೀಗುಜ್ಜೆಗೆ ನಮ್ಮಲ್ಲಿ ದೀವಿಹಲಸು. ದೀವಿ ಎಂದರೆ ದ್ವೀಪ, ಸಮುದ್ರದ ನಡುವಿನ ನೆಲದಿಂದ ಬಂದದ್ದೆಂಬ ನೆನಪು ಹೆಸರಿನಲ್ಲೇ ಉಳಿದಿದೆ. ಇವು ಜಾತಿಯ ಹೆಸರುಗಳಾದವು. ಇವುಗಳಿಗಿಂತ ಮುಖ್ಯವಾದದ್ದು ಒಂದೊಂದು ಮರದ ಹೆಸರು. ಆಲೂರು ಕಡೆಯ ಒಂದು ಹಳೆಯ ಮನೆಯಲ್ಲಿ ಅಜ್ಜಿಯೊಬ್ಬರು ಜಗಲಿಯಲ್ಲಿ ಕುಳಿತೇ ನನಗೆ ಮರಗಳ ಲೆಕ್ಕ ಒಪ್ಪಿಸಿದರು: ಕಣದ ಹಲಸು, ಜೇನು ಹಲಸು, ಹಪ್ಪಳದ ಹಲಸು, ಗೌರಿಹಬ್ಬದವರೆಗೂ ಕಾಯಿ ನಿಲ್ಲುವ ತಡದ ಹಲಸು. ಹಪ್ಪಳದ ಹಲಸನ್ನು ಹಣ್ಣಿಗೆ ಬಿಡುವ ಹಾಗಿಲ್ಲ, ಜೇನು ಹಲಸನ್ನು ಕಾಯಿಗೆ ಕೀಳುವ ಹಾಗಿಲ್ಲ. ಯಾವುದರ ತೊಳೆ ಎಂಥದು, ಯಾವುದು ಯಾವ ತಿಂಗಳಿಗೆ ಎಂಬುದೆಲ್ಲ ಆ ಹೆಸರುಗಳಲ್ಲೇ ಅಡಗಿತ್ತು. ಮೊಮ್ಮಗನನ್ನು ಕೇಳಿದೆ. ‘ಎಲ್ಲಾ ಹಲಸೇ ಅಲ್ವಾ ಸಾರ್’ ಎಂದ. ಹುಡುಗನದು ತಪ್ಪಲ್ಲ; ನೆರಳಿಗೆ ಸಿಲ್ವರ್ ಓಕ್ ಹಾಕಿ ಹಳೆಯ ಹಲಸು ತೆಗೆಯುತ್ತ ಬಂದ ಕಾಲದಲ್ಲಿ ಹುಟ್ಟಿದವನು. ಸಿಲ್ವರ್ ಓಕ್ ನೇರ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಮರವನ್ನು ಮಾರಬಹುದು. ಅದನ್ನು ನಾನು ಬೇಡವೆನ್ನುವುದಿಲ್ಲ. ಕೊಡಲಿ ಹಾಕುವ ಮುಂಚೆ ಆ ಹಲಸಿನ ಹೆಸರೇನೆಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿರಿ ಎಂದಷ್ಟೇ ಹೇಳುತ್ತೇನೆ. ಏಕೆಂದರೆ ಹಲಸಿನ ಬೀಜ ಬಿತ್ತಿದರೆ ತಾಯಿಮರದಂಥದೇ ಮರ ಬರುತ್ತದೆಂಬ ಭರವಸೆ ಇಲ್ಲ. ಪರಾಗ ಎಲ್ಲಿಂದಲೋ ಬಂದಿರುತ್ತದೆ. ಜೇನು ಹಲಸಿನ ಬೀಜದಿಂದ ಸಪ್ಪೆ ಹಲಸು ಹುಟ್ಟಬಹುದು. ಕಡ್ಡಿ ತಂದು ಕಸಿ ಮಾಡಿದರೆ ಮಾತ್ರ ಅದೇ ಮರ ಮುಂದುವರಿಯುತ್ತದೆ. ಮರ ಉರುಳಿದ ಮೇಲೆ ಕಡ್ಡಿ ಎಲ್ಲಿಂದ ತರುವುದು?

ಹೆಸರಿದ್ದ ಒಂದು ಮರ ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿ ಅವರ ತಂದೆ ನೆಟ್ಟ ಒಂದು ಹಲಸಿನ ಮರ ಇತ್ತು. ತಾಮ್ರಗೆಂಪು ತೊಳೆ, ಸಣ್ಣ ಹಣ್ಣು, ಒಳ್ಳೆಯ ರುಚಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪರೀಕ್ಷೆ ಮಾಡಿ, ೨೦೧೭ರಲ್ಲಿ ಆ ರೈತರೊಡನೆ ಒಪ್ಪಂದ ಮಾಡಿಕೊಂಡರು. ತಂದೆಯ ಹೆಸರಿನಿಂದ ಅದು ‘ಸಿದ್ದು ಹಲಸು’ ಆಯಿತು. ಕಸಿಗಿಡ ಮಾರಿ ಬಂದ ಹಣದ ದೊಡ್ಡ ಪಾಲು ರೈತರಿಗೇ ಹೋಯಿತು. ಸಾಗರ, ಸಿರ್ಸಿ ಕಡೆಯ ಅಪ್ಪೆಮಿಡಿ ಮಾವಿನಲ್ಲಿಯೂ ಅನಂತಭಟ್ಟನ ಅಪ್ಪೆ ಎಂಬಂತೆ ಒಂದು ಮರಕ್ಕೆ ಒಬ್ಬರ ಹೆಸರು ನಿಂತು, ಅದರ ಕಸಿಗಿಡ ಕೇಳಿಕೊಂಡು ಜನ ಬರುತ್ತಾರೆ.

ಇದಕ್ಕೆ ಎದುರಾದ ಕಥೆಯೂ ಉಂಟು, ಇಂಗ್ಲೆಂಡಿನದು. ಸೌತ್‌ವೆಲ್ ಎಂಬ ಊರಿನಲ್ಲಿ ೧೮೦೯ರಲ್ಲಿ ಮೇರಿ ಆನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ಮನೆಯ ಹಿತ್ತಿಲಲ್ಲಿ ಸೇಬಿನ ಬೀಜ ಊರಿದಳು. ಮರವಾಯಿತು. ಮುಂದೆ ೧೮೪೬ರಲ್ಲಿ ಆ ಮನೆಯನ್ನು ಬ್ರಾಮ್ಲಿ ಎಂಬ ಕಟುಕನು ಕೊಂಡ. ೧೮೫೬ರಲ್ಲಿ ಸಸಿಗಳ ವ್ಯಾಪಾರದ ಮನೆತನದ ಒಬ್ಬ ಹುಡುಗ ಬಂದು ಕಸಿಗೆ ಕಡ್ಡಿ ಕೊಡಿರೆಂದು ಕೇಳಿದ. ‘ಕೊಡುತ್ತೇನೆ, ಹಣ್ಣಿಗೆ ನನ್ನ ಹೆಸರಿಡಬೇಕು’ ಎಂದನಂತೆ ಬ್ರಾಮ್ಲಿ. ಅಡಿಗೆಗೆ ಬಳಸುವ ಸೇಬುಗಳಲ್ಲಿ ಆ ದೇಶದಲ್ಲಿ ಅತ್ಯಂತ ಹೆಸರಾದದ್ದು ಇಂದಿಗೂ ಬ್ರಾಮ್ಲಿ ಸೇಬೇ. ನೆಟ್ಟ ಹುಡುಗಿ ತೀರಿಕೊಂಡಿದ್ದಳು. ತಾನು ಊರಿದ ಬೀಜ ಇಷ್ಟು ಹೆಸರಾಯಿತೆಂಬುದು ಅವಳಿಗೆ ತಿಳಿಯಲೇ ಇಲ್ಲ.

ನಮ್ಮಲ್ಲಿ ಈಗ ಕಾನೂನಿನ ದಾರಿ ಉಂಟು. ೨೦೦೧ರ ಸಸ್ಯತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ರೈತರು ತಾವು ಉಳಿಸಿಕೊಂಡು ಬಂದ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. ಮರಗಳಿಗಾದರೆ ಆ ಹಕ್ಕು, ನವೀಕರಣ ಸೇರಿ, ಒಟ್ಟು ೧೮ ವರ್ಷ ನಿಲ್ಲುತ್ತದೆ. ಅರ್ಜಿಯಲ್ಲಿ ತಳಿಗೆ ಒಂದು ಹೆಸರು ಬೇಕೇಬೇಕು. ಬರೀ ಅಂಕಿ ಹಾಕಿದರೆ ನಡೆಯುವುದಿಲ್ಲ. ನಿಮ್ಮ ಮರ ಉಳಿದ ಮರಗಳಿಗಿಂತ ಹೇಗೆ ಬೇರೆ ಎಂದು ತೋರಿಸಬೇಕಾಗುತ್ತದೆ.

ಆದುದರಿಂದ ಈ ಹಲಸಿನ ಕಾಲ ಮುಗಿಯುವುದರೊಳಗೆ ಮಗನಿಂದಲೋ ಮೊಮ್ಮಗಳಿಂದಲೋ ಒಂದು ನೋಟುಬುಕ್ಕಿನಲ್ಲಿ ಬರೆಸಿಡಿರಿ. ಮರದ ಹೆಸರು, ಮನೆಯಲ್ಲಿ ಕರೆಯುವುದು ಒಂದು, ಪಕ್ಕದ ಊರಿನವರು ಕರೆಯುವುದು ಇನ್ನೊಂದು ಇದ್ದರೆ ಎರಡೂ. ಯಾರು ನೆಟ್ಟದ್ದು, ಸುಮಾರು ಯಾವ ವರ್ಷ. ಮೊದಲ ಕಾಯಿ ಯಾವ ತಿಂಗಳು, ಕೊನೆಯ ಹಣ್ಣು ಯಾವ ತಿಂಗಳು. ತೊಳೆಯ ಬಣ್ಣ, ಗಟ್ಟಿಯೋ ಮೆತ್ತಗೋ, ಮಯಣ ಹೆಚ್ಚೋ ಕಡಿಮೆಯೋ. ಹಪ್ಪಳಕ್ಕೋ, ಕಡುಬಿಗೋ, ಹಾಗೆಯೇ ತಿನ್ನಲಿಕ್ಕೋ. ಮಾವು, ಹೆರಳೆ, ಸೀಬೆಗಳಿಗೂ ಹೀಗೆಯೇ ಒಂದೊಂದು ಪುಟ. ಗಂಡಸರಿಗಿಂತ ಹೆಂಗಸರಿಗೇ ಈ ವಿಷಯ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನು ಮೊದಲು ಕೇಳಿರಿ. ಬೇರೆ ಊರಿಗೆ ಮದುವೆಯಾಗಿ ಹೋದ ಅಕ್ಕತಂಗಿಯರು ಹಬ್ಬಕ್ಕೆ ಬಂದಾಗ ಅವರನ್ನೂ ಕೇಳಿರಿ. ತವರಿನ ಮರಗಳ ಹೆಸರನ್ನು ಅವರು ಮರೆತಿರುವುದಿಲ್ಲ.

ಬರೆದಾದ ಮೇಲೆ ಹಾಸನದ ಹತ್ತಿರ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಅರ್ಜಿಯ ವಿಷಯ ಕೇಳಬಹುದು. ಹೋಗುವಾಗ ಆ ನೋಟುಬುಕ್ಕನ್ನೂ, ಆಯಾ ಮರದ ಒಂದು ಬಲಿತ ಹಣ್ಣನ್ನೂ, ಎಲೆ ಸಹಿತ ಒಂದು ರೆಂಬೆಯನ್ನೂ ಒದ್ದೆಗೋಣಿಯಲ್ಲಿ ಸುತ್ತಿ ಒಯ್ಯಿರಿ. ತಳಿಯ ಹೆಸರೇನೆಂದು ಅಲ್ಲಿ ಕೇಳಿದಾಗ, ಪೇಟೆಗೆ ಚೆಂದ ಕಾಣಲೆಂದು ಹೊಸದೊಂದನ್ನು ಹೊಸೆಯುವುದು ಬೇಡ. ಅಜ್ಜಿ ಕರೆದ ಹೆಸರನ್ನೇ ಬರೆಸಿರಿ.